ತಲೆ ಮೂಸುವ ಕೆಲಸ

ಚೆನ್ನೈನ ಆಸ್ಪತ್ರೆಯೊಂದರಲ್ಲಿ ನನಗಿದ್ದ ಕೆಲಸ, ನಾಚಿಕೆ ಬಿಟ್ಟು ಹೇಳುವುದಾದರೆ, ರೋಗಿಗಳ ತಲೆ ಮೂಸುವುದು. ಗಾಯ ಮಾಯದವರನ್ನು ಗಾಜಿನ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಒತ್ತಡ ಕೊಟ್ಟು ಆಮ್ಲಜನಕ ತುಂಬುತ್ತಿದ್ದೆವು. ಅದರೊಳಗೆ ತಲೆಗೆ ಹಚ್ಚಿದ ಎಣ್ಣೆಯಿಂದಲೂ ಬೆಂಕಿ ಹತ್ತಬಹುದು. ಅದಕ್ಕೇ ಮೂಸಿ ನೋಡಿ ಒಳಗೆ ಬಿಡಬೇಕು.

ಅಲ್ಲಿನ ಪುರಸೈವಾಕ್ಕಂ ಬಡಾವಣೆಯಿಂದ ಬರುತ್ತಿದ್ದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿದ್ದರು, ನಮ್ಮ ಮೈಸೂರು ಕಡೆಯವರು. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು. ನರಕ ಚತುರ್ದಶಿಯ ಬೆಳಿಗ್ಗೆ ಅವರ ತಲೆ ಘಮ್ಮೆನ್ನುತ್ತಿತ್ತು.

“ಎಣ್ಣೆ ಹಚ್ಚಿದ್ರಾ ಅಮ್ಮಾ?” ಎಂದು ಅವರ ಹೆಂಡತಿಯನ್ನು ಕೇಳಿದೆ.

“ಶಾಸ್ತ್ರಕ್ಕೆ ಒಂದಿಷ್ಟು ಕಣಪ್ಪಾ. ಇವತ್ತು ಎಣ್ಣೆ ನೀರು ಹಾಕ್ಕೊಳ್ಳದಿದ್ರೆ ನರಕ ಅಂತಾರಲ್ಲ. ಸೀಗೆಕಾಯಿ ಹಾಕಿ ತೊಳೆದಿದೀನಿ.”

“ಒಳಗೆ ಬಿಡೋಕಾಗಲ್ಲಮ್ಮಾ.”

ಆಕೆ ಸೆರಗಿನಿಂದ ಗಂಡನ ತಲೆ ಉಜ್ಜಿದರು, ಉಜ್ಜುತ್ತಲೇ ಇದ್ದರು. ಕೊನೆಗೆ ನಾನೇ ಇಬ್ಬರನ್ನೂ ಆಟೋ ಹತ್ತಿಸಿದೆ.

ಆ ತಿಂಗಳೇ ಅವರ ಕಾಲು ತೆಗೆದರು. ಒಂದು ದಿನದ ಚಿಕಿತ್ಸೆ ತಪ್ಪಿದ್ದಕ್ಕೆ ಹೀಗಾಗಲಿಲ್ಲ, ಸೋಂಕು ಮೊದಲೇ ಮೂಳೆಗೆ ಇಳಿದಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಕೆ ತಮ್ಮ ಅಂಗೈಯನ್ನೇ ನೋಡುತ್ತಾ ಕೂತಿದ್ದರು.

ಮುಂದೊಮ್ಮೆ ಪುರಸೈವಾಕ್ಕಂನ ಬಟ್ಟೆ ಅಂಗಡಿಯ ಮುಂದೆ ಇಬ್ಬರೂ ಸಿಕ್ಕರು. ಗಾರ್ಡ್ ಊರುಗೋಲು ಹಿಡಿದಿದ್ದರು. ತಲೆ ಎಣ್ಣೆಯಿಂದ ಮಿಂಚುತ್ತಿತ್ತು.

“ದಿನಾ ಇವಳ ಕೈಯಲ್ಲೇ ಹಚ್ಚಿಸ್ಕೋತೀನಿ,” ಎಂದು ನಕ್ಕು, ನನ್ನತ್ತ ತಲೆ ಬಗ್ಗಿಸಿದರು. “ಇವತ್ತು ಮೂಸಿ ನೋಡಲ್ವೇನಯ್ಯಾ?”

ಆಕೆ ನಗಲಿಲ್ಲ. ನನಗೂ ನಗು ಬರಲಿಲ್ಲ. ಆದರೆ ಅಭ್ಯಾಸಬಲ ನೋಡಿ, ಮೂಗು ಆಗಲೇ ಮುಂದೆ ಹೋಗಿತ್ತು.