ಗಿರಣಿ ಕಾಕಾನಿಗೆ ಸಾಕಾಗಿತ್ತು

ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೆಲ್ಲ ಅವರ ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು, ಮೊಳಕೈವರೆಗಿನ ತೋಳು ಎಲ್ಲವೂ ಬೆಳ್ಳಗಾಗಿಬಿಡುತ್ತಿದ್ದವು. ಅವರು ಲಿಂಗ ಕಟ್ಟಿದವರು. ಪೂಜೆ ಮಾಡದೆ ಚಹಾ ಕೂಡ ಕುಡಿಯುತ್ತಿರಲಿಲ್ಲ, ಹಣೆಯ ತುಂಬ ವಿಭೂತಿ ಬಳಿದುಕೊಂಡೇ ಹೊರಗೆ ಬರುತ್ತಿದ್ದರು. ಆದರೆ ಎಲ್ಲಿ ವಿಭೂತಿ ಮುಗಿದು ಎಲ್ಲಿ ಹಿಟ್ಟು ಶುರುವಾಗುತ್ತದೆ ಎಂಬುದು ನಮ್ಮ ಓಣಿಯ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳಬೇಕೆಂದು ಆಗಿನ ಕಾಲಕ್ಕೆ ಯಾರಿಗೂ ಅನ್ನಿಸಿರಲೂ ಇಲ್ಲ.

ಯಾದಗಿರಿಯ ಕೋಟೆ ಗುಡ್ಡದ ಬುಡದಲ್ಲಿರುವ ನಮ್ಮ ಓಣಿಯಲ್ಲಿ ಮನೆಗಳೆಲ್ಲ ನಮ್ಮವರವು, ಅಂದರೆ ಮುಸಲ್ಮಾನರವು. ಊರೆಲ್ಲ ಲೆಕ್ಕ ಹಿಡಿದರೆ ನಾವು ಕಡಿಮೆ ಜನ. ಓಣಿಯೊಳಗೆ ಬಂದರೆ ನಾವೇ ಊರು. ಆ ಊರಿಗೆ ಅವರದೊಂದೇ ಬೇರೆ ಮನೆ. ಅವರ ಅಪ್ಪ ಹಾಕಿದ ಹಿಟ್ಟಿನ ಗಿರಣಿ ಮುಂದೆ, ಎರಡು ಕೋಣೆಯ ಮನೆ ಹಿಂದೆ. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಮುದನಾಳಕ್ಕೆ ಕೊಟ್ಟಿದ್ದರು. ಓಣಿಗೆಲ್ಲ ಅವರು ಗಿರಣಿ ಕಾಕಾ. ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿ ನಿಂತು ಕಿವಿ ಮಂದವಾಗಿತ್ತು. ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಿದ್ದರು. ಹಾಗಾಗಿ ಅವರ ಬಳಿ ಗುಟ್ಟು ಎಂಬುದು ಇರಲು ಸಾಧ್ಯವಿರಲಿಲ್ಲ.

ನಾನು ಇವತ್ತು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ ಎಂದರೆ ಅದಕ್ಕೆ ಅವರೇ ಕಾರಣ. ಮನೆಯಲ್ಲಿ ನಮ್ಮದು ದಖನಿ ಉರ್ದು. ಓಣಿಯಲ್ಲೂ ಅದೇ. ಕನ್ನಡ ನನ್ನ ಕಿವಿಗೆ ಬಿದ್ದದ್ದು ಜೋಳದ ಡಬ್ಬಿ ಹೊತ್ತು ಗಿರಣಿಯ ಮುಂದೆ ಸರದಿ ಕಾಯುತ್ತ ಪಾಳಿ ಹಚ್ಚಿ ಕೂತಾಗ. ನಮ್ಮ ಭಾಷೆಯಲ್ಲಿ ರೊಟ್ಟಿಯೂ ಹೆಣ್ಣು, ಲೈಟೂ ಹೆಣ್ಣು. ಹಾಗಾಗಿ ಒಂದು ಸಲ ಕರೆಂಟು ಹೋಗಿ ಯಂತ್ರ ನಿಂತಾಗ ನಾನು ಬಲು ಗಂಭೀರವಾಗಿ, "ಕಾಕಾ, ಲೈಟ್ ಹೋಗ್ಯಾಳ" ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಿದ್ದಲಿಲ್ಲ. ಬದಲಿಗೆ ಆ ಮಾತನ್ನೇ ತಮ್ಮದು ಮಾಡಿಕೊಂಡರು. ಅಂದಿನಿಂದ ಕರೆಂಟು ಹೋದಾಗಲೆಲ್ಲ ಬಾಗಿಲಿಗೆ ಬಂದು ನಿಂತು, ಹೋಗ್ಯಾಳ, ತವರುಮನಿಗೆ ಹೋಗ್ಯಾಳ, ಸಂಜಿಗೆ ಬರ್ತಾಳ ಎಂದು ಕಾಯುತ್ತಿದ್ದವರಿಗೆ ಹೇಳುವುದು ಅವರ ರೂಢಿಯಾಯಿತು. ಅವರ ಉರ್ದುವಿನಲ್ಲಿ ಇದರ ಉಲ್ಟಾ, ಹೆಂಗಸರೆಲ್ಲ ಗಂಡಸರಾಗುತ್ತಿದ್ದರು. ನಮ್ಮ ಅಮ್ಮಿಯನ್ನು 'ಅಮ್ಮೀ ಆಯಾ ಕ್ಯಾ', ಅಂದರೆ ಅಮ್ಮಿ ಬಂದನೇನು, ಎಂದು ವಿಚಾರಿಸುತ್ತಿದ್ದರು. ಅಮ್ಮಿಗೂ ರೂಢಿಯಾಗಿತ್ತು.

ಪೇಪರು ಓದಲು ಹಚ್ಚಿದವರೂ ಅವರೇ. ಯಂತ್ರ ತಿರುಗುತ್ತಿರುವಾಗಲೇ ಓದಬೇಕು, ಅವರಿಗೆ ಕೇಳಿಸಬೇಕು. ಮೆಲ್ಲಗೆ ಓದಿದರೆ ಕೈಯಾಡಿಸಿ, "ಯಾರಿಗ ಹೆದರಿ ಓದಾಕತ್ತಿದಿ ಯವ್ವಾ?" ಎನ್ನುತ್ತಿದ್ದರು. ಇವತ್ತಿಗೂ ನನ್ನ ಪಾಠ ಪಕ್ಕದ ಎರಡು ಕ್ಲಾಸಿಗೆ ಕೇಳುತ್ತದೆ. ಹೆಡ್‌ಮಾಸ್ತರರು ಅದಕ್ಕೆ ಬೇಸರಪಟ್ಟುಕೊಂಡಿದ್ದಾರೆ. ನಾನೇನೂ ಮಾಡುವ ಹಾಗಿಲ್ಲ.

ಅವರನ್ನು ದೊಡ್ಡ ಉದಾರಿ ಎಂದು ತೋರಿಸುವ ಇರಾದೆ ನನಗಿಲ್ಲ. ಅವರು ಕಟ್ಟುನಿಟ್ಟಿನ ಮನುಷ್ಯ. ನಮ್ಮ ಯಾರ ಮನೆಯಲ್ಲೂ ಬೇಯಿಸಿದ್ದನ್ನು ಮುಟ್ಟಲಿಲ್ಲ. ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದರು, ಅಷ್ಟೆ. ಅದಕ್ಕೇ ರಮಜಾನಿನ ಹಬ್ಬಕ್ಕೆ ಅಮ್ಮಿ ಅವರಿಗೆ ಕಳಿಸುತ್ತಿದ್ದದ್ದು ಹಸಿಯ ಸುರಕುಂಬಾ: ತಟ್ಟೆಯಲ್ಲಿ ಶಾವಿಗೆ, ಸಕ್ಕರೆ, ಉತ್ತತ್ತಿ, ಗೋಡಂಬಿ, ಮೇಲೊಂದು ಕರವಸ್ತ್ರ. ಹಾಲು ಅವರದು, ಒಲೆ ಅವರದು, ಪಾತ್ರೆ ಅವರದು. ಎಳ್ಳಮಾವಾಸ್ಯೆಗೆ ಮಗಳ ಮನೆಯಿಂದ ಬಂದ ಸಜ್ಜಿ ಕಡುಬು, ಭಜ್ಜಿ ನಮ್ಮ ಮನೆಗೆ ಬರುತ್ತಿತ್ತು. ನಾವು ತಕರಾರಿಲ್ಲದೆ ತಿನ್ನುತ್ತಿದ್ದೆವು. ಬಕ್ರೀದಿನ ದಿನ ಗಿರಣಿಗೆ ಬೀಗ ಹಾಕಿ ಅಬ್ಬೆತುಮಕೂರಿನ ಮಠಕ್ಕೆ ಹೋಗಿಬಿಡುತ್ತಿದ್ದರು. ಸಂಜೆ ಬರುವ ಹೊತ್ತಿಗೆ ನಮ್ಮ ಅಬ್ಬಾ ಓಣಿಯನ್ನು ಎರಡು ಸಲ ತೊಳೆಸಿರುತ್ತಿದ್ದರು. ಈ ಏರ್ಪಾಡನ್ನು ಯಾರು, ಯಾವಾಗ ಮಾಡಿದರೋ ತಿಳಿಯದು. ಯಾರೂ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮಾತಾಡುವವರು ಆಮೇಲೆ ಬಂದರು.

ಊರಿನ ಗಾಳಿ ಬದಲಾದ ವರ್ಷಗಳವು. ಯಾವುದೇ ಹಬ್ಬ ಇರಲಿ, ಒಂದು ವಾರ ಮೊದಲು ಠಾಣೆಯಲ್ಲಿ ಶಾಂತಿ ಸಭೆ. ನಮ್ಮ ಓಣಿಯಿಂದ ಮಸೀದಿ ಕಮಿಟಿಯ ಅಧ್ಯಕ್ಷರನ್ನು ಕರೆಯುತ್ತಿದ್ದರು, ಜೊತೆಗೆ ಗಿರಣಿ ಕಾಕಾನನ್ನು. ಮುಸ್ಲಿಮರ ಓಣಿಯಲ್ಲಿ ಒಬ್ಬನೇ ಹಿಂದೂ, ಎಷ್ಟು ಚಂದಾಗಿ ಇದ್ದಾನೆ ನೋಡಿರಿ ಎಂದು ತೋರಿಸಲು ಅವರಿಗಿಂತ ಒಳ್ಳೆಯ ಮನುಷ್ಯ ಸಿಗುತ್ತಿರಲಿಲ್ಲ. ಶಾಲು ಹೊದಿಸುತ್ತಿದ್ದರು. ಇಬ್ಬರ ಕೈ ಹಿಡಿಸಿ ಫೋಟೋ ತೆಗೆಯುತ್ತಿದ್ದರು. ಮೊದಲೆರಡು ಸಲ ಅವರಿಗೂ ಖುಷಿಯಾಗಿತ್ತು. ಪೇಪರಿನಲ್ಲಿ ಬಂದ ಫೋಟೋ ನನಗೆ ತೋರಿಸಿ, ಹೊಟ್ಟಿ ಭಾಳ ಕಾಣ್ತದಲ್ಲ ಎಂದಿದ್ದರು.

ಆಮೇಲೆ ಅದು ಕೆಲಸವಾಗಿಬಿಟ್ಟಿತು. ಪೇಪರಿನವರು ಬರೆಯುವ ಭಾವೈಕ್ಯ ಎಂಬ ಶಬ್ದವನ್ನು ಅವರು ತಹಶೀಲ್ ಕಚೇರಿಯ ಕೆಲಸದ ಹಾಗೆ ಬಳಸುತ್ತಿದ್ದರು. ಹಿಟ್ಟಿಗೆ ಬಂದವರಿಗೆ, "ಇವತ್ತ ಭಾವೈಕ್ಯ ಅದ, ಗಿರಣಿ ಮಧ್ಯಾಹ್ನದ ಮ್ಯಾಲ" ಎನ್ನುವರು. ಒಮ್ಮೆ ಒಬ್ಬ ವರದಿಗಾರ ಬಂದು, ಮಧ್ಯಾಹ್ನ ಅಜಾನ್ ಆದಾಗ ನೀವು ಯಂತ್ರ ನಿಲ್ಲಿಸುತ್ತೀರಂತೆ, ಯಾಕೆ ಎಂದು ಕೇಳಿದ. ಆ ಹೊತ್ತಿಗೆ ತಮಗೆ ಹಸಿವಾಗುತ್ತದೆ, ಯಂತ್ರದ ಪಟ್ಟಾ ಕೂಡ ಬಿಸಿಯಾಗಿರುತ್ತದೆ, ಅದಕ್ಕೆ ಎಂದರು ಇವರು. ಮರುದಿನ ಅನ್ಯಧರ್ಮದ ಪ್ರಾರ್ಥನೆಗೆ ಗೌರವ ಕೊಡುವ ಕಾಯಕಯೋಗಿ ಎಂದು ಅಚ್ಚಾಗಿತ್ತು. ಅದನ್ನು ಜೋರಾಗಿ ಓದಿ ಹೇಳಿದವಳು ನಾನೇ. ಇನ್ನು ಮುಂದೆ ಹಸಿವಾಗದಿದ್ದರೂ ಯಂತ್ರ ನಿಲ್ಲಿಸಬೇಕಲ್ಲ ಎಂದು ನಿಟ್ಟುಸಿರು ಬಿಟ್ಟರು.

ಇನ್ನೊಂದು ಸಭೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು, ಈ ಗಿರಣಿಯಲ್ಲಿ ಎಲ್ಲ ಜಾತಿಯ ಹಿಟ್ಟು ಒಂದಾಗುತ್ತದೆ, ನಾವೂ ಹಾಗೆ ಒಂದಾಗಬೇಕು ಎಂದು ಭಾಷಣ ಮಾಡಿದರಂತೆ. ಚಪ್ಪಾಳೆ ಬಿತ್ತಂತೆ. ವಾಪಸು ಬಂದು ನನ್ನೆದುರು ಕೂತಾಗ ಅವರಿಗೆ ಅದೊಂದೇ ಚಿಂತೆ. "ಹಿಟ್ಟು ಒಂದಾದ್ರ ಗಿರಾಕಿ ನನ್ನ ಮುಖಕ್ಕ ಉಗುಳ್ತಾರ ಯವ್ವಾ. ಒಬ್ಬರ ಗೋದಿ ಇನ್ನೊಬ್ಬರ ಜ್ವಾಳದಾಗ ಬೀಳದಂಗ ನೋಡೋದ ನನ್ನ ಕೆಲಸ. ಅದನ್ನ ಹ್ಯಾಂಗ ಹೇಳಬೇಕು ಅವ್ರಿಗೆ?" ಹೇಳಲಿಲ್ಲ. ಕಿವಿ ಕೇಳದವರ ಹಾಗೆ ತಲೆಯಾಡಿಸಿ ಬಂದಿದ್ದರು. ಮಂದ ಕಿವಿ ಕೊನೆಕೊನೆಗೆ ಅವರಿಗೆ ಬಹಳ ಉಪಯೋಗಕ್ಕೆ ಬಂತು.

ಆ ಕಡೆ ಅವರ ಸ್ವಂತ ಜನ. ಅಣ್ಣನ ಮಗ ತಿಂಗಳಿಗೊಮ್ಮೆ ಬಂದು, ಜಾಗ ಮಾರಿ ನಮ್ಮ ಕಡೆ ಬಂದುಬಿಡು, ಇಲ್ಲಿ ನಾಳೆ ಏನಾದರೂ ಆದರೆ ನಿನ್ನ ಯಾರು ಕೇಳುತ್ತಾರೆ ಎಂದು ಹಟ ಹಿಡಿಯುತ್ತಿದ್ದ. ಈ ಕಡೆ ನಮ್ಮ ಹಿರಿಯರು, ನೀವು ಹೋದರೆ ಓಣಿಯ ಮಾನ ಹೋಗುತ್ತದೆ, ಹೋಗಕೂಡದು ಎಂದು ಕೈ ಹಿಡಿಯುತ್ತಿದ್ದರು. ಎರಡೂ ಪ್ರೀತಿಯೇ ಇರಬಹುದು. ಆದರೆ ಆ ಮನುಷ್ಯನಿಗೆ ಬೇಕಾಗಿದ್ದದ್ದು ಒಂದೇ: ಹುಟ್ಟಿದ ಮನೆಯಲ್ಲಿ, ಯಾರಿಗೂ ಏನನ್ನೂ ತೋರಿಸದೆ, ಗಿರಣಿ ನಡೆಸಿಕೊಂಡು ಇರುವುದು. ಅಷ್ಟನ್ನು ಅವರಿಗೆ ಕೊಡುವುದು ನಮ್ಮ ಯಾರಿಂದಲೂ ಆಗಲಿಲ್ಲ.

ಒಂದು ವರ್ಷ ಎರಡೂ ಕಡೆಯ ಮೆರವಣಿಗೆ ಒಂದೇ ವಾರದಲ್ಲಿ ಬಂದವು. ಬಜಾರಿನ ಕಡೆ ಕಲ್ಲು ಬಿದ್ದವು. ಯಾರು ಮೊದಲು ಎಸೆದರು ಎಂಬುದಕ್ಕೆ ಊರಿನಲ್ಲಿ ಎರಡು ಕತೆಗಳಿವೆ, ಅವು ಇಲ್ಲಿ ಬೇಡ. ಅಂಗಡಿಗಳು ಮುಚ್ಚಿದವು. ಮರುದಿನ ಬೆಳಿಗ್ಗೆ ನಮ್ಮ ಓಣಿಯ ಹುಡುಗರು ಪ್ಲಾಸ್ಟಿಕ್ ಕುರ್ಚಿ ತಂದು ಗಿರಣಿಯ ಮುಂದೆ ಸಾಲಾಗಿ ಕೂತರು. ನನ್ನ ತಮ್ಮನೂ ಅವರಲ್ಲಿದ್ದ. ಹೊರಗಿನವರು ಯಾರಾದರೂ ಬಂದು ಕಾಕಾನಿಗೆ ಏನಾದರೂ ಮಾಡಿ ನಮ್ಮ ಮೇಲೆ ಹಾಕಿಯಾರು ಎಂಬ ಭಯ ಅವರದು. ಅದು ಸುಳ್ಳು ಭಯವೂ ಅಲ್ಲ. ನಾನು ಮಾಳಿಗೆಯಿಂದ ಅವರನ್ನು ನೋಡಿ ಹೆಮ್ಮೆಪಟ್ಟೆ. ಎಂಥ ಒಳ್ಳೆಯ ಹುಡುಗರು ಎಂದುಕೊಂಡೆ.

ಕಾಕಾ ಬಾಗಿಲು ತೆಗೆದವರು ಕುರ್ಚಿಗಳನ್ನು ನೋಡಿ ಅಲ್ಲೇ ನಿಂತರು. ಏನಿದು ಎಂದರು. ನನ್ನ ತಮ್ಮ, ನೀವು ಚಿಂತೆ ಮಾಡಬೇಡಿ, ನಾವು ಕಾಯುತ್ತೇವೆ ಎಂದ. ಅವರ ಮುಖ ಇಳಿದದ್ದು ಮಾಳಿಗೆಯಿಂದಲೂ ಕಾಣಿಸಿತು.

"ಎದಕ್ಕ ಕಾಯಾಕತ್ತೀರಪಾ? ನಾ ಏನ್ ಬೀಗರು ಬಂದೀನಿ ನಿಮ್ಮ ಮನಿಗೆ?"

"ಹಂಗಲ್ಲ ಕಾಕಾ, ನಿಮಗೇನರ ಆತಂದ್ರ ನಮ್ಮ ಓಣಿ ಹೆಸ್ರು ಕೆಡ್ತದ" ಎಂದ ಇನ್ನೊಬ್ಬ ಹುಡುಗ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಅವರು ಕುರ್ಚಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಯಾವಾಗಲೂ ಕೂಗುವ ಮನುಷ್ಯ ಅವತ್ತು ಮೆಲ್ಲಗೆ ಮಾತಾಡಿದರು, ಕೇಳಿಸಿಕೊಳ್ಳಲು ನಾನು ಕೆಳಗೆ ಇಳಿದು ಬರಬೇಕಾಯಿತು. "ಇಲ್ಲೇ ಹುಟ್ಟೀನಿ. ನೀವು ನನ್ನ ಕಾದ್ರ ನಾ ಹೊರಗಿನವ ಆಗ್ತೀನಿ. ತಿಳೀತೇನು? ಕಾಯಬ್ಯಾಡ್ರಿ. ಕುಂದ್ರೋದಿದ್ರ ಹಿಟ್ಟಿಗೆ ಬಂದು ಕುಂದರ್ರಿ."

ಹೇಳಿ ಒಳಗೆ ಹೋಗಿ ಯಂತ್ರ ಹಚ್ಚಿದರು. ಊರಿಗೆ ಊರೇ ಬಾಗಿಲು ಹಾಕಿಕೊಂಡ ದಿನ ಆ ಸದ್ದು ಎಷ್ಟು ದೂರ ಕೇಳಿಸಿತೋ. ಹುಡುಗರು ಮುಖ ಮುಖ ನೋಡಿಕೊಂಡರು. ಮೊದಲು ಎದ್ದವನು ನನ್ನ ತಮ್ಮ. ಮನೆಗೆ ಬಂದು ಗೋದಿ ಎಲ್ಲಿದೆ ಎಂದ. ಇದ್ದ ಗೋದಿಯನ್ನು ಹಿಂದಿನ ದಿನವಷ್ಟೇ ಬೀಸಿಸಿ ತಂದಿದ್ದೆವು. ಅಮ್ಮಿ ಸಂದೂಕದ ಪಕ್ಕದ ಚೀಲದಲ್ಲಿ ಉಳಿದಿದ್ದ ಜೋಳವನ್ನು ಸುರಿದುಕೊಟ್ಟಳು. ಹಾಗೇ ಒಬ್ಬೊಬ್ಬರೂ ಏನೋ ಒಂದು ತಂದರು. ಕುರ್ಚಿಗಳು ಇದ್ದ ಜಾಗದಲ್ಲೇ ಇದ್ದವು, ಆದರೆ ಈಗ ಅದು ಪಾಳಿ. ಆ ಮಧ್ಯಾಹ್ನ ಅವರು ಯಂತ್ರ ನಿಲ್ಲಿಸಲಿಲ್ಲ, ಊಟವನ್ನೂ ಮಾಡಲಿಲ್ಲ. ಸಂಜೆಗೆ ಜ್ವರ ಬಂದು ಮಲಗಿದವರು ವಾರಗಟ್ಟಲೆ ಏಳಲಿಲ್ಲ.

ಆ ಜ್ವರದಲ್ಲಿ ನೋಡಲು ಹೋದಾಗ ಅವರು ನನ್ನ ಹತ್ತಿರ ಒಂದು ಮಾತು ತೆಗೆದುಕೊಂಡರು. ಮೊದಲು, ಈ ಮನೆ ಬಿಟ್ಟು ತಾವು ಎಲ್ಲಿಗೂ ಹೋಗುವುದಿಲ್ಲ ಎಂದರು. ಹೋದರೆ ಇವರಿಗೆ ಒಂದು ಸುದ್ದಿ, ಇದ್ದರೆ ಅವರಿಗೆ ಒಂದು ಸುದ್ದಿ, ಇರುವುದೇ ಸುಲಭ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನಾ ಸತ್ತಾಗ ನಿಮ್ಮ ಮಂದಿ ಹೆಗಲ ಕೊಟ್ಟೇ ಕೊಡ್ತಾರ, ಗೊತ್ತದ ನನಗ. ಕೊಡ್ಲಿ. ಆದ್ರ ಫೋಟೋ ಬ್ಯಾಡ ಯವ್ವಾ. ಸಾಕಾಗ್ಯಾದ ನನಗ. ಹೆಣಾನರ ಭಾವೈಕ್ಯ ಆಗೋದು ಬ್ಯಾಡ." ನಾನು ಆಗಲಿ ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿ ಹೇಳಿದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕಾಯಿಲೆಯೇನೂ ಇರಲಿಲ್ಲ, ದಣಿದಿದ್ದರು. ಮಗಳು ಮುದನಾಳದಿಂದ ಬಂದಳು, ಮಠದಿಂದ ಸ್ವಾಮಿಗಳು ಬಂದರು. ಅವರ ಪದ್ಧತಿಯಂತೆ ಕುಳ್ಳಿರಿಸಿ ವಿಭೂತಿ ಹಚ್ಚಿ ಹಾರ ಹಾಕಿದರು. ನಾನು ಮಸೀದಿ ಕಮಿಟಿಯ ಅಧ್ಯಕ್ಷರಿಗೆ ಅವರ ಮಾತನ್ನು ತಿಳಿಸಿದೆ. ಅವರು ಹುಡುಗರನ್ನೆಲ್ಲ ಕರೆದು ಮೊಬೈಲು ಮನೆಯಲ್ಲಿಟ್ಟು ಬರಲು ಹೇಳಿದರು. ಹುಡುಗರು ಹಾಗೇ ಮಾಡಿದರು. ಇದನ್ನು ನಾನು ಹೇಳಲೇಬೇಕು. ಅಣ್ಣನ ಮಗ ಮುಂದೆ ಹೆಗಲು ಕೊಟ್ಟ, ನನ್ನ ತಮ್ಮ ಹಿಂದೆ. ಭಜನೆಯವರು ತಾಳ ಹಾಕುತ್ತ ಹೊರಟರು. ಓಣಿಯ ಬಾಯಿಯವರೆಗೆ ನಾನೂ ಅಮ್ಮಿಯೂ ಹೋಗಿ ನಿಂತೆವು. ಮಣ್ಣು ಮಾಡುವಾಗ ನಮ್ಮವರಿಗೆ ಏನು ಮಾಡಬೇಕೆಂದು ತಿಳಿಯದೆ, ನಮ್ಮಲ್ಲಿ ಹಾಕುವ ಹಾಗೆ ಮೂರು ಹಿಡಿ ಮಣ್ಣು ಹಾಕಿದರಂತೆ. ಸ್ವಾಮಿಗಳು ತಡೆಯಲಿಲ್ಲವಂತೆ.

ಆದರೆ ದೊಡ್ಡ ರಸ್ತೆಯಲ್ಲಿ ಯಾವುದೋ ಮಹಡಿಯಿಂದ ಯಾರೋ ಫೋಟೋ ತೆಗೆದಿದ್ದರು. ಸಂಜೆಗೆಲ್ಲ ಅದು ಊರು ದಾಟಿತ್ತು. ಒಂದೇ ಫೋಟೋ, ಟೋಪಿ ಹಾಕಿದ ಹುಡುಗರ ಹೆಗಲ ಮೇಲೆ ಅವರು. ಅದರ ಕೆಳಗಿನ ಕಮೆಂಟುಗಳಲ್ಲಿ ಅರ್ಧ ಜನ ಕಣ್ಣೀರಿಟ್ಟಿದ್ದರು, ಅರ್ಧ ಜನ ಬೈದಿದ್ದರು. ಇದೆಲ್ಲ ನಾಟಕ ಎಂದು ಒಬ್ಬ ಬರೆದಿದ್ದ. ಅವರ ಹೆಸರನ್ನೂ ಯಾರೂ ಸರಿಯಾಗಿ ಬರೆದಿರಲಿಲ್ಲ. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದನ್ನೇ. ಅದೂ ಉಳಿಯಲಿಲ್ಲವಲ್ಲ ಎಂದು ನಾನು ಅತ್ತೆ.

ಮರುದಿನ ಬೆಂಗಳೂರಿನಿಂದ ಒಂದು ಚಾನೆಲ್ಲಿನ ಹುಡುಗ ಫೋನು ಮಾಡಿದ. ಓಣಿಯಲ್ಲಿ ಕನ್ನಡ ಚೆನ್ನಾಗಿ ಬರುವವರು ನೀವೊಬ್ಬರೇ ಎಂದು ಯಾರೋ ನಂಬರು ಕೊಟ್ಟಿದ್ದರಂತೆ. ಮುಸ್ಲಿಮರ ಮಧ್ಯೆ ಅವರೊಬ್ಬರೇ ಹಿಂದೂ ಅಲ್ಲವೇ, ಅದರ ಬಗ್ಗೆ ಎರಡು ಮಾತು ಹೇಳಿ ಮೇಡಂ ಎಂದ. ನಾನು ಹೇಳಿದೆ: "ಅವ್ರು ನಮ್ಮ ಓಣಿ ಗಿರಣಿಯವ್ರು ರೀ. ಹಿಟ್ಟು ನುಣ್ಣಗ ಬೀಸಿ ಕೊಡ್ತಿದ್ರು."

ಅಷ್ಟು ಸಾಲುವುದಿಲ್ಲ, ಸೌಹಾರ್ದದ ಬಗ್ಗೆ ಏನಾದರೂ ಬೇಕಿತ್ತು ಎಂದ. ಒಳ್ಳೆಯ ಹುಡುಗನೇ ಇದ್ದಿರಬೇಕು, ದನಿಯಲ್ಲಿ ವಿನಯವಿತ್ತು.

"ಭಾಳ ದಣಿದಾರ ಅವ್ರು," ಎಂದೆ. "ಇನ್ನ ಬಿಡ್ರಿ."