ಗೇಣುದ್ದದ ಸಿಪಾಯಿ

ಗುರುಲಿಂಗಪ್ಪ ಮಾಸ್ತರರು ಮನುಷ್ಯರ ಮುಖ ನೋಡುವ ಮೊದಲು ಗುಂಡಿ ನೋಡುತ್ತಿದ್ದರು. ಬಸವನ ಬಾಗೇವಾಡಿಯ ಹೈಸ್ಕೂಲಿಗೆ ನಾನು ಇತಿಹಾಸ ಕಲಿಸಲು ಬಂದ ದಿನ, ನನ್ನ ನಮಸ್ಕಾರಕ್ಕೆ ಅವರ ಉತ್ತರ ಇದು: "ನಿಮ್ಮ ಮೂರನೇ ಗುಂಡಿ ಈ ಅಂಗೀದಲ್ರಿ." ನಿಜವಾಗಿಯೂ ಅಲ್ಲ. ನನ್ನ ಹೆಂಡತಿ ಹಳೆಯ ಅಂಗಿಯದನ್ನು ಕಿತ್ತು ಹಚ್ಚಿದ್ದಳು.

ಅವರು ಡ್ರಾಯಿಂಗ್ ಮಾಸ್ತರರು. ಆದರೆ ಜೀವವೆಲ್ಲ ಮಣ್ಣಿನ ಸಿಪಾಯಿಗಳಲ್ಲಿ. ಗೇಣುದ್ದದ ಬೊಂಬೆ ಮಾಡಿ, ನೆರಳಲ್ಲಿ ಒಣಗಿಸಿ, ಮೂರೆಳೆ ಕೂದಲಿನ ಕುಂಚದಿಂದ ಬಣ್ಣ ಹಚ್ಚುವರು. ಆದಿಲಶಾಹಿ ಸವಾರನೊಬ್ಬ ಎರಡು ವರ್ಷದಿಂದ ಬಣ್ಣವಿಲ್ಲದೆ ಕಾದಿದ್ದ. ಅವನ ನಿಲುವಂಗಿಯ ಕಸೆದಾರ ಎಡಕ್ಕೆ ಕಟ್ಟಬೇಕೋ ಬಲಕ್ಕೋ ಇನ್ನೂ ತೀರ್ಮಾನವಾಗಿರಲಿಲ್ಲ. "ಯಾವುದರೆ ಒಂದು ಕಡಿ ಕಟ್ಟಿಬಿಡ್ರಿ" ಎಂದರೆ, "ಅಂವ ಕನಸಿನ್ಯಾಗ ಬಂದು ಕೇಳಿದ್ರ ನೀವು ಉತ್ತರ ಹೇಳ್ತೀರೇನು?" ಎನ್ನುವರು. ಒಮ್ಮೆ ನಾನು ಬಾಯಿತಪ್ಪಿ "ಎಡಕ್ಕಿರಬಹುದು" ಎಂದೆ. "ಇರಬಹುದು ಅನ್ನೂದು ಇತಿಹಾಸ ಏನ್ರಿ?" ಎಂದು ವಾರವಿಡೀ ನನ್ನೊಡನೆ ಚಹ ಕುಡಿಯಲಿಲ್ಲ.

ನಮ್ಮ ಶಾಲೆಯಲ್ಲಿ ನೀರು ತುಂಬುವ ಗಂಗವ್ವ ಹೂವಿನ ಹಿಪ್ಪರಗಿಯವಳು. ಗಂಡ ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡಿದ್ದ. ತಂತಿ ಬಂದಿತ್ತು, ದೇಹ ಬಂದಿರಲಿಲ್ಲ. ಒಂದು ದಿನ ಅವಳು ಬೊಂಬೆಗಳ ಮುಂದೆ ಬಹಳ ಹೊತ್ತು ನಿಂತು ಕೇಳಿದಳು: "ನಮ್ಮನಿಯವರ್ದೊಂದು ಮಾಡಿಕೊಡ್ರಿ ಮಾಸ್ತರ. ಮಿಲ್ಟ್ರಿ ಡ್ರೆಸ್ಸಿನ್ಯಾಗ ಅವರನ್ನ ನಾ ಒಮ್ಮಿನೂ ನೋಡಿಲ್ಲ. ರಜಾಕ್ಕ ಬಂದ್ರ ಧೋತ್ರ ಉಟ್ಕೊಂಡ ಬರ್ತಿದ್ರು."

ಮಾಸ್ತರರಿಗೆ ಹುಚ್ಚು ಹಿಡಿಯಲು ಇಷ್ಟು ಸಾಕಾಯಿತು. ಮುಖಕ್ಕೆ ಮದುವೆಯ ಫೋಟೊ ಇತ್ತು, ಉಡುಪಿಗೆ ಏನೂ ಇರಲಿಲ್ಲ. ಹೆಗಲ ಹುರಿ ಯಾವ ಕಡೆ? ಟೋಪಿಯ ಬಿಲ್ಲೆ ಯಾವ ಕಣ್ಣಿನ ಮೇಲೆ? ಸೈನ್ಯದ ದೂರದ ಕಚೇರಿಯೊಂದಕ್ಕೆ ಆರು ಪತ್ರ ಬರೆದರು. ನಾಲ್ಕು ತಿಂಗಳಿಗೆ ಬಂದ ಉತ್ತರದಲ್ಲಿ ಪತ್ರ ತಲುಪಿದೆ ಎಂದಷ್ಟೇ ಇತ್ತು. ಇಂಡಿ ಊರಿನಲ್ಲಿದ್ದ ಮಾಜಿ ಸೈನಿಕ ಹುಸೇನಸಾಬರ ಮನೆಗೆ ಹೋಗಿ, "ಹಸಿರು ಅಂದ್ರ ಒಣ ಹೆಸರುಕಾಳಿಂದೋ, ನೆನಸಿದ್ದರದೋ?" ಎಂದು ಕೇಳಿದರು. ಸಾಬರು ಗಡ್ಡ ಕೆರೆದುಕೊಂಡು, "ಬೂಟು ಕಚ್ಚತಿದ್ವು ಮಾಸ್ತರ. ಖರೇ ಅಂದ್ರ ಅಷ್ಟ ನೆನಪೈತಿ" ಎಂದರು.

ಕೊನೆಗೆ ಸಿಂದಗಿಯ ಬಸ್ ನಿಲ್ದಾಣದಲ್ಲಿ ಆಲಮೇಲದ ಜವಾನನೊಬ್ಬ ಸಮವಸ್ತ್ರದಲ್ಲೇ ಸಿಕ್ಕಿಬಿದ್ದ. ಗಂಗವ್ವನ ಗಂಡನ ಪಲ್ಟನ್ನಿನವನೇ. ಮಾಸ್ತರರು ಅವನದೇ ಬಸ್ಸು ಹತ್ತಿ, ಆಲಮೇಲ ಮುಟ್ಟುವವರೆಗೆ ದಾರ ಹಿಡಿದು ಹುರಿ ಅಳೆದರು, ಗುಂಡಿ ಎಣಿಸಿದರು, ಎಬ್ಬಿಸಿ ನಿಲ್ಲಿಸಿ ಬೆನ್ನು ನೋಡಿದರು. "ನಾ ಹೆಣ್ಣು ನೋಡಾಕ ಹೋದಾಗ್ಲೂ ಇಷ್ಟು ನೋಡಿರಲಿಲ್ರಿ" ಎಂದನಂತೆ ಅವನು. ಪಾಪ, ವರ್ಷದ ರಜೆಗೆ ಬಂದವನನ್ನು ಹೆಂಡತಿ ನೋಡುವ ಮೊದಲೇ ಮಾಸ್ತರರು ನೋಡಿ ಮುಗಿಸಿದ್ದರು.

ಏಳನೇ ತಿಂಗಳಿಗೆ ಸಿಪಾಯಿ ಸಿದ್ಧನಾದ. ಅವನನ್ನು ಮಡಿಲಲ್ಲಿಟ್ಟುಕೊಂಡು ಮಾಸ್ತರರು ಹಿಪ್ಪರಗಿಗೆ, ಗಂಗವ್ವನ ಮನೆಗೆ ಬಸ್ಸಿನಲ್ಲಿ ಹೊರಟರು, ಜೊತೆಗೆ ನಾನು. ಗೋಡೆಯ ಯಾವ ಗೂಡಿನಲ್ಲಿಡಬೇಕು, ಬಿಸಿಲು ಎಷ್ಟು ತಾಗಬಹುದು, ಗಂಗವ್ವನಿಗೆ ಹೇಳಬೇಕಾದ ಉಪದೇಶವನ್ನೆಲ್ಲ ದಾರಿಯುದ್ದಕ್ಕೂ ನನ್ನ ಮೇಲೆ ತಾಲೀಮು ಮಾಡಿದರು.

ಗಂಗವ್ವ ಸೆರಗೊಡ್ಡಿ ತೆಗೆದುಕೊಂಡಳು. ಎದುರಿಂದ, ಬೆನ್ನಿನಿಂದ, ಮತ್ತೆ ಎದುರಿಂದ ನೋಡಿದಳು. "ಹಿಂಗಿದ್ರೇನ್ರಿ!" ಎಂದು ನಕ್ಕಳು, ಕಣ್ಣು ಒರೆಸಿಕೊಂಡಳು. ಆಮೇಲೆ ಗೂಡಿನ ಕಡೆ ಹೋಗದೆ ನಮ್ಮನ್ನು ಹೊಲಕ್ಕೆ ಕರೆದೊಯ್ದಳು. ಬದುವಿನ ಬಳಿ, ಅವಳ ಅತ್ತೆ ಮಾವರ ಗೋರಿಗಳ ಪಕ್ಕದಲ್ಲಿ, ಮೊಳದಷ್ಟು ಉದ್ದದ ಕುಣಿ ತೋಡಿತ್ತು.

"ಗಂಗವ್ವಾ, ಏಳು ತಿಂಗಳ ಕೆಲಸ ಐತಿ ಅದು!" ಎಂದೆ.

"ಮನಿ ಹಿರೇರಿಗೆಲ್ಲಾ ಮಣ್ಣು ಕೊಟ್ಟೇವ್ರಿ. ಇವರೊಬ್ಬರಿಗೆ ಕೊಟ್ಟಿಲ್ಲ" ಎಂದು ಅವಳು ಬೊಂಬೆಯ ಹಣೆಗೆ ವಿಭೂತಿ ಹಚ್ಚಿದಳು. ಪುಡಿ ಉದುರಿ ಟೋಪಿಯ ಬಿಲ್ಲೆಯ ಮೇಲೆ ಬಿತ್ತು. ಆಮೇಲೆ ಅವನನ್ನು ಕುಣಿಯಲ್ಲಿ ಮಲಗಿಸಿದಳು.

ಬೊಂಬೆಗೆ ಬೆರಳು ತಾಗಿದರೆ ಹೆಡ್‌ಮಾಸ್ತರರನ್ನೂ ಬಿಡದ ಮನುಷ್ಯ ಈಗ ಬಾಯಿ ಬಿಡುತ್ತಾರೆಂದು ಕಾದೆ. ಮಾಸ್ತರರು ಚಪ್ಪಲಿ ಕಳೆದು ನಿಂತಿದ್ದರು. "ಮೊದಲ ನೀವ ಹಾಕ್ರಿ. ಊರಿಗೆ ಕರಕೊಂಡ ಬಂದವರು ನೀವ ಅಲ್ಲಾ" ಎಂದು ಗಂಗವ್ವ ಅವರ ಕೈಗೆ ಒಂದು ಹಿಡಿ ಮಣ್ಣು ಕೊಟ್ಟಳು. ಅವರು ಹಾಕಿದರು. ಆಮೇಲೆ ಅವಳು, ಆಮೇಲೆ ನಾನು. ಕಣ್ಣಾರೆ ಕಾಣದ ಆ ಸಿಪಾಯಿಗಾಗಿ ನಾನು ನಾಚಿಕೆ ಬಿಟ್ಟು ಅತ್ತೆ.

ಅದೇ ನಾವು ಕೂಡಿ ಮಾಡಿದ ಕೊನೆಯ ಪ್ರಯಾಣ. ಮುಂದಿನ ತಿಂಗಳು ಅವರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅಲ್ಲಿಯೇ ತೀರಿಕೊಂಡರು, ನನಗೆ ಸುದ್ದಿ ತಡವಾಗಿ ಮುಟ್ಟಿತು. ಅವರ ನೆನಪಾದಾಗಲೆಲ್ಲ ಆ ಸಂಜೆ ಹಿಪ್ಪರಗಿಯಿಂದ ಮರಳಿದ ಬಸ್ಸೇ ಕಣ್ಣೆದುರು ಬರುತ್ತದೆ. ಖಾಲಿ ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಅವರು ಕೂತಿದ್ದರು. ನನಗೇ ತಡೆಯಲಾಗಲಿಲ್ಲ.

"ಅಷ್ಟು ಕಷ್ಟಪಟ್ಟು ಮಾಡಿದ್ರಿ. ಒಂದು ತಾಸೂ ಉಳೀಲಿಲ್ಲಲ್ರಿ ಮಾಸ್ತರ."

"ಆಕಿ ನೋಡಿದ್ಲಲ್ರಿ" ಎಂದರು.