ಹನ್ನೊಂದು ಹಸಿರಂಗಿಗಳು

ಒಣಗಿದ ಬಟ್ಟೆಯನ್ನು ಹಗ್ಗದಿಂದ ತೆಗೆಯುವಾಗ ಎಣಿಸಿಯೇ ತೆಗೆಯುವುದು ನನ್ನ ಅಭ್ಯಾಸ. ಮನೆಯಲ್ಲಿರುವವರು ನಾನು ಮತ್ತು ನನ್ನ ತಂಗಿ ಇಬ್ಬರೇ ಆದ್ದರಿಂದ ಸೀರೆ ನಾಲ್ಕು, ಟವೆಲ್ ಎರಡು ಎನ್ನುವಷ್ಟರಲ್ಲಿ ಗಣಿತ ಮುಗಿದುಹೋಗುತ್ತದೆ. ಆದರೂ ನಾನು ಬಾಯಿಬಿಟ್ಟು ಎಣಿಸುತ್ತೇನೆ, ತಂಗಿ ಅಡುಗೆಮನೆಯಿಂದಲೇ, "ಯಾರ್ ಕದ್ದೊಯ್ತಾರವಾ ನಿನ್ನ ಹಳೇ ಸೀರಿ?" ಎಂದು ಹಂಗಿಸುತ್ತಾಳೆ. ಕಳುವಾಗಿದೆಯೇ ಎಂದಲ್ಲ ನಾನು ಎಣಿಸುವುದು. ಒಂದು ಹೆಚ್ಚಾಗಿಲ್ಲ ತಾನೇ ಎಂದು ನೋಡಿಕೊಳ್ಳುವುದಕ್ಕೆ. ಇದನ್ನು ತಂಗಿಗೆ ಹೇಳಿಲ್ಲ. ಓದುಗರಾದ ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನೀವು ನಮ್ಮ ಅಡುಗೆಮನೆಯಲ್ಲಿ ಇರುವುದಿಲ್ಲ.

ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ವಾರ್ಡಿನ ರೋಗಿಗಳನ್ನು ಎಣಿಸಿ ಮುಂದಿನವರಿಗೆ ಒಪ್ಪಿಸುವುದು ನಮ್ಮ ವೃತ್ತಿಯ ಮೊದಲ ಪಾಠ. ಹಾಸಿಗೆಯನ್ನು ಎಣಿಸಬಾರದು, ತಲೆಯನ್ನು ಎಣಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಮೂವತ್ತೊಂದು ಜನರಿದ್ದ ವಾರ್ಡಿನಲ್ಲಿ ನನ್ನ ಎಣಿಕೆ ಮೂವತ್ತೆರಡಕ್ಕೆ ಹೋಗಿ ನಿಂತಿತು. ಮತ್ತೊಮ್ಮೆ ಎಣಿಸಿದಾಗ ಸರಿ ಬಂದಿತು. ಹಿರಿಯ ಸಿಸ್ಟರ್ ಒಬ್ಬರು ಸೂಜಿಗಳನ್ನು ಕುದಿಸುತ್ತ, "ಎರಡನೇ ಸಲ ಸರಿ ಬಂತಲ್ಲ, ಮೊದಲನೇದ್ದ ಮರತಬಿಡು. ಮೂರನೇ ಸಲ ಮಾತ್ರ ಎಣಿಸಬ್ಯಾಡ" ಎಂದರು. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಧ್ಯಾಹ್ನದವರೆಗೂ ನಾಲ್ಕನೇ ಹಾಸಿಗೆಯಲ್ಲಿದ್ದ ಅಜ್ಜಿಯೊಬ್ಬಳು ಆ ಹೊತ್ತಿಗೆ ತೀರಿಕೊಂಡಿದ್ದಳು ಎಂಬುದಷ್ಟೇ ನನಗೆ ಗೊತ್ತಿತ್ತು. ಸರಿಯಾದ ಸಂಖ್ಯೆ ಬರೆದು, ಸಹಿ ಮಾಡಿ, ಮನೆಗೆ ಬಂದು ಊಟ ಮಾಡಿದೆ. ನಿಯಮವೆಂಬುದರ ದೊಡ್ಡ ಉಪಕಾರ ಇದೇ: ಹೆದರಬೇಕಾದ ಹೊತ್ತಿನಲ್ಲಿ ಕೈಗೆ ಬೇರೊಂದು ಕೆಲಸ ಕೊಡುತ್ತದೆ.

ನಿವೃತ್ತಿಯ ನಂತರವೂ ದಿನಚರಿ ತಪ್ಪಲಿಲ್ಲ. ಐದಕ್ಕೆ ಸ್ನಾನ, ಲಿಂಗಪೂಜೆ. ಆರಕ್ಕೆ ಬೆಳಗಾವಿಯ ವಡಗಾವಿಯಲ್ಲಿರುವ ಮನೆ ಬಿಟ್ಟು, ಮಗ್ಗಗಳ ಸಪ್ಪಳ ಕೇಳುತ್ತ ಓಣಿಗಳನ್ನು ದಾಟಿ, ಪೀರನವಾಡಿಯ ಕಡೆಗೆ ಮುಕ್ಕಾಲು ಗಂಟೆಯ ನಡಿಗೆ. ಆ ದಾರಿಯ ಬಯಲೊಂದರಲ್ಲಿ ಹುಡುಗಿಯರು ಫುಟ್‌ಬಾಲ್ ಆಡುತ್ತಿದ್ದರು. ಒಂದು ದಿನ ಒಬ್ಬಳ ಮೊಣಕಾಲು ತರಚಿ ರಕ್ತ ಸುರಿಯುತ್ತಿದ್ದರೂ ಅವಳು ಅದಕ್ಕೆ ಮಣ್ಣು ಮೆತ್ತಿಕೊಂಡು ಓಡುವುದನ್ನು ಕಂಡೆ. ನಲವತ್ತು ವರ್ಷದ ಸೇವೆ ನನ್ನೊಳಗೆ ಎದ್ದು ನಿಂತು ಅವಳನ್ನು ಗದರಿಸಿತು. ಮರುದಿನ ಔಷಧದ ಡಬ್ಬಿ ತಂದೆ. ಅದರ ಮರುದಿನ ಕುರ್ಚಿ ತಂದೆ. ಆ ಹುಡುಗಿಯರ ಕ್ಲಬ್ಬಿನ ಬೆಂಬಲಕ್ಕೆ ನಾನು ನೇಮಕಗೊಂಡದ್ದು ಹೀಗೆ, ಯಾವ ಆದೇಶಪತ್ರವೂ ಇಲ್ಲದೆ.

ಆ ಮಣ್ಣು ಮೆತ್ತಿಕೊಂಡವಳೇ ನಾಯಕಿ ರೇಣುಕಾ. ಖಾನಾಪುರದಾಚೆ ಕಾಡಿನ ಅಂಚಿನಲ್ಲಿರುವ ಗುಂಜಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದಳು. ಕೋಚ್ ಒಬ್ಬರಿದ್ದರು, ಅವರಿಗೆ ವರ್ಗವಾದ ಮೇಲೆ ಆ ಜಾಗ ಖಾಲಿಯೇ ಉಳಿಯಿತು. ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿಗೆ, ಮುಗಿದ ಮೇಲೆ ವರದಿಗೆ ಯಾರಾದರೂ ಸಹಿ ಮಾಡಬೇಕಿತ್ತು. ಚಂದದ ಅಕ್ಷರ ನನ್ನದೆಂದು ಆ ಕೆಲಸ ನನಗೆ ಬಂದಿತು. ಅಂಗಿಗಳ ಬಣ್ಣವನ್ನೂ ನನ್ನನ್ನೇ ಕೇಳಿದರು. ನಾನು ಹಸಿರು ಎಂದೆ. ವಡಗಾವಿಯ ದರ್ಜಿ ಹನ್ನೊಂದು ಅಂಗಿ ಹೊಲಿದುಕೊಟ್ಟ ಮೇಲೆ ತೊಟ್ಟು ನಿಂತ ಹುಡುಗಿಯರನ್ನು ನೋಡಿ, ಆಪರೇಷನ್ ಥಿಯೇಟರಿನ ಸಿಬ್ಬಂದಿಯನ್ನೇ ಮೈದಾನಕ್ಕೆ ಇಳಿಸಿದ್ದೇನೆಂದು ನನಗೆ ಅರಿವಾಯಿತು. ಆ ಹನ್ನೊಂದು ಅಂಗಿಗಳನ್ನು ಒಗೆಯುವವಳು ನಾನು, ಒಣಗಿಸುವವಳು ನಾನು, ಎಣಿಸಿ ಚೀಲಕ್ಕೆ ತುಂಬುವವಳೂ ನಾನು. ಗೋಲ್‌ಕೀಪರಿಗೂ ಅದೇ ಹಸಿರು; ಹನ್ನೆರಡನೆಯ ಅಂಗಿ ಇರಲಿಲ್ಲ. ಇದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಆ ಋತುವಿನ ಲೀಗ್ ಪಂದ್ಯಗಳಲ್ಲಿ ನಾವು ಸೋಲನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿದೆವು. ಕೊನೆಯ ಪಂದ್ಯದ ಹೊತ್ತಿಗೆ ಅಂಕಪಟ್ಟಿಯ ತಳದಲ್ಲಿ ಉಳಿದದ್ದು ನಾವು ಮತ್ತು ಖಾನಾಪುರದ ತಂಡ. ಸೋತವರು ಲೀಗಿನಿಂದ ಹೊರಗೆ. ಹೊರಗೆ ಬಿದ್ದವರಿಗೆ ಆಡಲು ಬೇರೆ ಲೀಗು ಇಲ್ಲ, ವರ್ಷವಿಡೀ ಪಂದ್ಯವಿಲ್ಲ. ಅದರ ಅರ್ಥವೇನೆಂದು ರೇಣುಕಾ ನನಗೆ ಒಂದೇ ಉಸಿರಿನಲ್ಲಿ ಹೇಳಿದ್ದಳು: "ಮ್ಯಾಚ್ ಐತಿ ಅಂತ ನಮ್ಮ ಆಯಿ ಬಿಡ್ತಾಳ್ರಿ ಸಿಸ್ಟರ್. ಮ್ಯಾಚ್ ಇಲ್ಲಂದ್ರ ಬೆಳಗಾವಿ ಯಾಕ, ಬಾಜು ಹಂಚಿನ ಫ್ಯಾಕ್ಟರಿಗೆ ನಡಿ ಅಂತಾಳ. ಖರೇ ಹೇಳ್ತೀನಿ, ಆಮ್ಯಾಲ ಮುಗೀತು."

ಪಂದ್ಯ ಖಾನಾಪುರದಲ್ಲಿ, ಚಳಿಗಾಲದ ಬೆಳಿಗ್ಗೆ ಎಂಟಕ್ಕೆ. ಮಲಪ್ರಭೆಯಿಂದ ಎದ್ದ ಮಂಜು ಮೈದಾನವನ್ನು ಹತ್ತಿಯಂತೆ ಮುಚ್ಚಿತ್ತು. ನಮ್ಮವರು ಹನ್ನೊಂದೇ ಜನ ಬಂದಿದ್ದರು. ಉಳಿದ ಇಬ್ಬರಿಗೆ ಪರೀಕ್ಷೆ. ಚೀಲದಿಂದ ಹನ್ನೊಂದು ಅಂಗಿ ತೆಗೆದುಕೊಟ್ಟೆ, ಚೀಲ ಬರಿದಾಯಿತು. ಆಟ ಶುರುವಾದ ಮೇಲೆ ನನಗೆ ಕಂಡದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು: ಕಾಲಿನ ಸಪ್ಪಳ, ಒದೆತದ ಸದ್ದು, ಗೋಲ್‌ಕೀಪರ್ ಜಯಶ್ರೀಯ ಕೂಗು. ಮಂಜು ಅಷ್ಟಷ್ಟು ಸರಿದಾಗ ಹಸಿರು ಆಕೃತಿಗಳು ಮೂಡಿ ಮತ್ತೆ ಕರಗುತ್ತಿದ್ದವು. ಉತ್ತರಾರ್ಧದಲ್ಲಿ ಒಮ್ಮೆ ಇಡೀ ಮೈದಾನ ಮಸುಕಾಗಿ ಒಟ್ಟಿಗೆ ಕಂಡಿತು. ಅಭ್ಯಾಸಬಲದಿಂದ ಎಣಿಸಿದೆ. ಹನ್ನೆರಡು.

ಮತ್ತೆ ಎಣಿಸಿದೆ, ಬಲದಿಂದ ಎಡಕ್ಕೆ. ಹನ್ನೆರಡು. ಎಡಗಡೆಯ ಗೆರೆಯ ಪಕ್ಕದಲ್ಲಿ, ನಮ್ಮವರು ಯಾರೂ ಆಡದ ಜಾಗದಲ್ಲಿ, ಒಬ್ಬಳು ನಿಧಾನವಾಗಿ ಓಡುತ್ತಿದ್ದಳು; ಅವಸರವಿಲ್ಲದ ಓಟ, ಚೆಂಡು ತನ್ನಲ್ಲಿಗೇ ಬರುತ್ತದೆಂದು ಗೊತ್ತಿದ್ದವಳ ಓಟ. ಪಕ್ಕದಲ್ಲಿ ಚಹಾ ಮಾರುತ್ತಿದ್ದ ಹೆಂಗಸಿಗೆ, "ಹಸರಂಗಿಯವರು ಎಷ್ಟ ಮಂದಿ ಕಾಣ್ತಾರ ನೋಡವಾ" ಎಂದೆ. ಅವಳು ಸ್ಟವ್ವಿನಿಂದ ಕಣ್ಣೆತ್ತಲಿಲ್ಲ. "ಮಂಜಿನ್ಯಾಗ ನಮ್ಮ ಎಮ್ಮಿನೂ ಒಂದ ಜಾಸ್ತಿ ಆಗತಾವ್ರೀ ಅಕ್ಕಾರ. ನಾ ಎಣಸೂದ ಬಿಟ್ಟೀನಿ. ಹಾಲ ಕರಕೊಂಡ ಸುಮ್ಮನಾಗತೀನಿ."

ನಾನು ಮೂರನೆಯ ಸಲ ಎಣಿಸತೊಡಗಿದೆ. ನಲವತ್ತು ವರ್ಷ ಕಾಪಾಡಿಕೊಂಡು ಬಂದ ನಿಯಮ ಮುರಿದದ್ದು ಅಲ್ಲಿಯೇ. ಏಳಕ್ಕೆ ಬಂದಿದ್ದಾಗ ಮಂಜಿನೊಳಗಿಂದ ಬಲೆಗೆ ಚೆಂಡು ಬಡಿದ ಸದ್ದು ಕೇಳಿಸಿತು, ನಮ್ಮವರು ಕಿರುಚಿದರು, ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿಯಾಯಿತು. ಗೆದ್ದಿದ್ದೆವು.

ವರದಿಯಲ್ಲಿ ಗೋಲು ಹೊಡೆದವರ ಹೆಸರು ಬರೆಯಬೇಕು. ಪೆನ್ನು ಹಿಡಿದು ಕೇಳಿದೆ. "ಅಂಜಲಿ ಹೊಡದಾಳ್ರಿ" ಎಂದಳು ಜಯಶ್ರೀ. "ನಾ ಎಲ್ಲೆವ್ವಾ! ನಾ ಬಿದ್ದಿದ್ದೆ, ನೋಡಿಲ್ಲಿ ಕೆಸರು. ರೇಣುಕಾನ ಇರಬೇಕು" ಎಂದಳು ಅಂಜಲಿ. ರೇಣುಕಾ ತಲೆಯಾಡಿಸಿದಳು: "ನಾ ಎಡಕ್ಕ ಪಾಸ್ ಕೊಟ್ಟೆ. ಅಲ್ಲಿ ಯಾರ ಇದ್ದಿರೋ ಅವರಽ ಹೊಡದ್ರು." ಎಡಗಡೆ ಯಾರಿದ್ದಿರಿ ಎಂದು ಕೇಳಿದೆ. ನಗುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಬಿಚ್ಚಿಕೊಟ್ಟ ಅಂಗಿಗಳನ್ನು ಎಣಿಸಿದೆ. ಹನ್ನೊಂದು, ಎಲ್ಲವೂ ಒದ್ದೆ.

ಈಗ ನೀವೇ ಹೇಳಿ, ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ವರದಿಯಲ್ಲಿ ಅಚ್ಚಾಗಿರುವ ಸಾಲು ಇದು: ಆಡಿದವರು ಹನ್ನೊಂದು ಜನ. ಕೆಳಗೆ ನನ್ನ ಸಹಿ. ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಂಡದ್ದು ಅವಳಿಗೆ ಹೇಗೋ ಗೊತ್ತಾಗಿತ್ತು. "ಸಿಸ್ಟರ್, ಬ್ಯಾಡ್ರಿ" ಎಂದಳು, ಬಹಳ ಮೆಲ್ಲಗೆ. ನಾನು ಹೋಗಿ ರೆಫರಿಗೆ ಹೇಳಿದೆ. ಆ ಮನುಷ್ಯ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ನಾನೂ ಎಣಿಸೀನ್ರಿ" ಎಂದ. "ಹನ್ನೆರಡಽ. ಸೀಟಿ ಬಾಯಾಗ ಇಟ್ಟಿದ್ದೆ, ಮತ್ತ ಎಣಿಸಿದೆ, ಹನ್ನೊಂದಾತು. ಊದಲಿಲ್ಲ. ನೀವು ಬರದ ಕೊಡ್ತೀರಂದ್ರ ನಾನೂ ಬರೀತೀನಿ." ಬರೆದುಕೊಟ್ಟೆ. ವಾರ್ಡಿನಲ್ಲಿ ಬರೆಯುತ್ತಿದ್ದ ಅದೇ ವಾಲಿದ ಅಕ್ಷರ, ಕೈ ನಡುಗಲಿಲ್ಲ. ನಡುಗಿದ್ದರೆ ಈಗ ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವವಿರುತ್ತಿತ್ತು.

ಪಂದ್ಯ ರದ್ದಾಗಿ ಮುಂದಿನ ಭಾನುವಾರ ಮಧ್ಯಾಹ್ನ ಬೆಳಗಾವಿಯಲ್ಲಿ ಮರುಪಂದ್ಯ ನಡೆಯಿತು. ಹುಲ್ಲಿನ ಎಸಳನ್ನೂ ಎಣಿಸಬಹುದಾದ ಬಿಸಿಲು. ನಮ್ಮವರು ಹನ್ನೊಂದು, ಅನುಮಾನಕ್ಕೆ ಎಡೆಯೇ ಇಲ್ಲ. ಆದರೆ ಆಟ ನೋಡುತ್ತ ನೋಡುತ್ತ ಒಂದು ಸಂಗತಿ ಗಮನಿಸಿದೆ. ನಮ್ಮ ಹುಡುಗಿಯರು ಮತ್ತೆ ಮತ್ತೆ ಚೆಂಡನ್ನು ಎಡಗಡೆಯ ಖಾಲಿ ಜಾಗಕ್ಕೆ ಒದೆಯುತ್ತಿದ್ದರು. ನೋಡಿ ಒದೆಯುತ್ತಿರಲಿಲ್ಲ, ಅಲ್ಲಿ ಒಬ್ಬಳಿದ್ದಾಳೆ ಎನ್ನುವ ಹಾಗೆ, ಕತ್ತು ತಿರುಗಿಸದೆ, ನಂಬಿ ಒದೆಯುತ್ತಿದ್ದರು. ಚೆಂಡು ಬಿಸಿಲಿನಲ್ಲಿ ಒಂಟಿಯಾಗಿ ಉರುಳುತ್ತ ಗೆರೆ ದಾಟಿ ಹೋಗುತ್ತಿತ್ತು. ಎರಡು ಗೋಲಿನಿಂದ ಸೋತೆವು. ರೇಣುಕಾ ಅಂಗಿಯನ್ನು ಮಡಿಸಿ ನನ್ನ ಕೈಗಿಟ್ಟು ರೈಲಿಗೆ ಹೋದಳು.

ಆಮೇಲೆ ಬಯಲಿಗೆ ಯಾರೂ ಬರಲಿಲ್ಲ. ನಾನು ಮಾತ್ರ ಹೋದೆ. ದಿನಚರಿ ಎಂಬುದು ಕಾರಣ ಸತ್ತ ಮೇಲೂ ನಡೆಯುತ್ತಲೇ ಇರುತ್ತದೆ. ಕುರ್ಚಿ ಹಾಕಿಕೊಂಡು ಖಾಲಿ ಬಯಲನ್ನು ಮುಕ್ಕಾಲು ಗಂಟೆ ನೋಡಿ ಮನೆಗೆ ಬರುತ್ತಿದ್ದೆ. ಹನ್ನೊಂದು ಅಂಗಿಗಳನ್ನು ತಿಂಗಳಿಗೊಮ್ಮೆ ತೆಗೆದು ಒಗೆದು ಒಣಗಿಸುತ್ತಿದ್ದೆ. ಸತ್ಯ ಹೇಳಿದೆನೆಂಬ ಸಮಾಧಾನ ನನಗಿತ್ತು. ಆದರೆ ಸತ್ಯದ ಬೆಲೆಯನ್ನು ನಾನು ಕೊಟ್ಟಿರಲಿಲ್ಲ, ಗುಂಜಿಯ ಹುಡುಗಿಯೊಬ್ಬಳು ಕೊಟ್ಟಿದ್ದಳು. ಮಳೆಗಾಲ ಹತ್ತಿರವಾದಾಗ ಬೆಳಗಿನ ರೈಲು ಹಿಡಿದು ಗುಂಜಿಗೆ ಹೋದೆ.

ರೇಣುಕಾ ಹಂಚಿನ ಕಾರ್ಖಾನೆಗೆ ಹೋಗಿದ್ದಳು. ಅವಳ ಆಯಿ, ಅಂದರೆ ತಾಯಿ, ಜಗಲಿಯಲ್ಲಿ ಗೋಡಂಬಿಯ ಸಿಪ್ಪೆ ತೆಗೆಯುತ್ತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆ ಎಣಸೂ ಸಿಸ್ಟರ್ ನೀವಽ ಏನ್ರಿ?" ಎಂದಳು. ಹೌದೆಂದೆ. ಬೈಯುತ್ತಾಳೆಂದು ಕಾದೆ.

"ಕುಂದರ್ರಿ. ಒಂದ ಕೇಳ್ತೀನಿ. ನಮ್ಮ ಹುಡುಗಿ ಮುಂಜಾನೆದ್ದು ಒಬ್ಬಾಕಿನ ಚೆಂಡ್ ತೊಗೊಂಡ ಮನಿ ಹಿಂದ ಹೋಗತಾಳ. ಗ್ವಾಡಿಗೆ ಒದಿಯೂದಿಲ್ಲ, ಕಾಡಿನ ಕಡೆ ಒದೀತಾಳ. ಚೆಂಡ್ ಹೊಳ್ಳಿ ಬರತೈತಿ."

"ಯಾರ ಹೊಳ್ಳಿ ಕಳಸ್ತಾರು?" ಎಂದೆ.

"ಕೇಳಿಲ್ರಿ. ಕೇಳಿದ್ರ ಹೇಳಿಗೀಳ್ಯಾಳು ಅಂತ ಹೆದರಿಕಿ." ಅವಳು ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿದಳು. "ನಿಮ್ಮ ಕಡೆ ಹುಡುಗ್ಯಾರು ಎಷ್ಟ ಮಂದಿ ಅದಾರ?"

"ರೇಣುಕಾನ್ನ ಬಿಟ್ಟು ಹನ್ನೆರಡು."

"ಎಲ್ಲಾರಿಗೂ ಮನಿ ಅದಾವಲ್ಲ? ತಾಯಿ-ತಂದಿ?"

"ಅದಾವ. ನಾ ಎಲ್ಲಾರ ಮನಿ ನೋಡೀನಿ."

"ಹಂಗಾರ ಕರಕೊಂಡ ಹೋಗ್ರಿ. ಮ್ಯಾಚ್ ಇರಲಿ ಬಿಡಲಿ. ಮಂದ್ಯಾಗ ಆಡಲಿ."

ನಾನು ಮನೆಯ ಹಿಂದೆ ಹೋಗಿ ನೋಡಿದೆ. ನೆಲ ಇಳಿಜಾರಾಗಿದ್ದರೆ ಚೆಂಡು ತಾನೇ ಹಿಂದಕ್ಕೆ ಉರುಳಿ ಬರುತ್ತದಲ್ಲ ಎಂಬುದು ನನ್ನ ವೈಜ್ಞಾನಿಕ ಊಹೆ. ನೆಲ ಇಳಿಜಾರೇ ಆಗಿತ್ತು, ಆದರೆ ಕಾಡಿನ ಕಡೆಗೆ. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಿಲ್ಲ. ರೈಲಿಗೆ ಹೊತ್ತಾಗಿತ್ತು ಎಂದು ಬರೆದರೆ ನೀವು ನಂಬಬೇಕು.

ನಾನು ಹೋಗಿ ಕರೆದ ಹುಡುಗಿಯರು ಬಯಲಿಗೆ ಮರಳಿ ಬಂದದ್ದು ಮಳೆ ಹಿಡಿದ ಮೇಲೆ. ಲೀಗಿಲ್ಲ, ಎದುರಾಳಿಯಿಲ್ಲ, ಗೆದ್ದರೆ ಬರೆದುಕೊಳ್ಳಲು ಕಾಗದವಿಲ್ಲ, ಸುಮ್ಮನೆ ಆಡುವುದಕ್ಕೆ. ಹಿಂದಿನ ದಿನ ಒಣಗಿಸಿದ ಅಂಗಿಗಳನ್ನು ಹಂಚಿದೆ. ಬಂದವರು ಹನ್ನೊಂದು ಜನ, ಚೀಲ ಬರಿದಾಯಿತು. ಬಯಲಿನ ತುಂಬ ತೆಳ್ಳನೆಯ ಮಂಜು. ರೇಣುಕಾ ನನ್ನೊಡನೆ ಇನ್ನೂ ಮಾತಾಡಿರಲಿಲ್ಲ. ಚೆಂಡನ್ನು ಪಾದದಡಿ ಹಿಡಿದು ನಿಂತು, ಮುಖ ತಿರುಗಿಸದೆ, "ಸಿಸ್ಟರ್, ಎಣಿಸ್ರಿ. ಹೊತ್ತಾತು" ಎಂದಳು.

ಬಲಗಡೆಯಿಂದ ಶುರು ಮಾಡಿದೆ. ಜಯಶ್ರೀ, ಅಂಜಲಿ, ಒಬ್ಬೊಬ್ಬರೂ ಮಂಜಿನಲ್ಲಿ ಅಲುಗುವ ಹಸಿರು. ಎಂಟು, ಒಂಬತ್ತು, ಹತ್ತು, ರೇಣುಕಾ ಹನ್ನೊಂದು. ಅವಳ ಆಚೆ, ಎಡಗಡೆಯ ಗೆರೆಯ ಬಳಿ, ನೆಂದ ಹುಲ್ಲಿನ ಮೇಲೆ ಯಾರೋ ಕಾಲು ಬದಲಿಸಿ ನಿಂತ ಸಪ್ಪಳವಾಯಿತು. ರೇಣುಕಾಳ ಬೆನ್ನು ಬಿಗಿಯಾಯಿತು. ಎಲ್ಲರೂ ನನ್ನ ಬೆರಳನ್ನೇ ನೋಡುತ್ತಿದ್ದರು.

ನಾನು ಬೆರಳು ಮಡಿಚಿದೆ. ಎಣಿಕೆಯನ್ನು ನಾನಾಗಿಯೇ ಅರ್ಧಕ್ಕೆ ನಿಲ್ಲಿಸಿದ್ದು ಈ ಜನ್ಮದಲ್ಲಿ ಅದೇ ಮೊದಲು.

"ಎಲ್ಲಾರೂ ಬಂದಾರ" ಎಂದೆ. "ಶುರು ಮಾಡ್ರಿ."

ರೇಣುಕಾ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಚೆಂಡನ್ನು ಎಡಕ್ಕೆ, ಮಂಜಿನೊಳಕ್ಕೆ, ಮೆಲ್ಲಗೆ ಒದ್ದಳು.